'ಸರ್ವರ್ ಡೌನ್' ಹಿಂದಿನ ಕಥೆ: ತಾಲ್ಲೂಕು ಕಂಪ್ಯೂಟರಿನಿಂದ ಕಂಟೇನರ್‌ವರೆಗೆ

ಕೋಲಾರ: ಪಹಣಿಗಾಗಿ ಬೆಳಿಗ್ಗೆಯೇ ತಾಲ್ಲೂಕು ಕಚೇರಿಗೆ ಬಂದ ರೈತನಿಗೆ 'ಸರ್ವರ್ ಡೌನ್' ಎಂಬ ಉತ್ತರ ಸಿಕ್ಕರೆ ಅಂದಿನ ದುಡಿಮೆ, ಬಸ್ ಚಾರ್ಜು ಎರಡೂ ವ್ಯರ್ಥ. ಇಷ್ಟಕ್ಕೂ ಡೌನ್ ಆಗುವುದು ಏನು?

ಎರಡು ದಶಕಗಳ ಹಿಂದೆ 'ಭೂಮಿ' ಯೋಜನೆಯಡಿ ರಾಜ್ಯದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಗಣಕೀಕೃತಗೊಂಡವು. ತಂತ್ರಾಂಶ ಎನ್‌ಐಸಿಯದು, ಪ್ರತಿಯೊಂದಕ್ಕೆ ಅಂದು ಶುಲ್ಕ 15 ರೂಪಾಯಿ ಇತ್ತು. ಆಗ ಮಾಲೂರಿನ ದಾಖಲೆ ಮಾಲೂರಿನ ಕಂಪ್ಯೂಟರಿನಲ್ಲಿ, ಮುಳಬಾಗಿಲಿನದು ಮುಳಬಾಗಿಲಿನಲ್ಲಿ. ಶ್ರೀನಿವಾಸಪುರದ ಯಂತ್ರ ಕೆಟ್ಟರೆ ಕೋಲಾರದ ಕೆಲಸ ನಿಲ್ಲುತ್ತಿರಲಿಲ್ಲ. ಆದರೆ ಇಂತಹ ವ್ಯವಸ್ಥೆಯಲ್ಲಿ ತಂತ್ರಾಂಶದ ಒಂದು ಸಣ್ಣ ತಿದ್ದುಪಡಿಯನ್ನೂ ಪ್ರತಿ ಯಂತ್ರಕ್ಕೆ ಬೇರೆಬೇರೆಯಾಗಿ ಅಳವಡಿಸಬೇಕು. ಒಂದೆಡೆ ನಡೆದದ್ದು ಇನ್ನೊಂದೆಡೆ ಮುಷ್ಕರ ಹೂಡುವುದು ಸಾಮಾನ್ಯ.

ಈ ತಲೆನೋವು ಜಗತ್ತಿನ ಎಲ್ಲ ಸಿಸ್ಟಂ ಅಡ್ಮಿನಿಸ್ಟ್ರೇಟರ್‌ಗಳದ್ದು. ಯಂತ್ರ ಹೇಗಿರಬೇಕೆಂಬುದನ್ನು ಕಡತವೊಂದರಲ್ಲಿ ಬರೆದಿಟ್ಟರೆ ಅದರಂತೆ ತಾನೇ ಸಿದ್ಧಪಡಿಸುವ ಸಿಎಫ್‌ಎಂಜಿನ್ ಬಂದದ್ದು 1993ರಲ್ಲಿ. ಪಪೆಟ್ (2005), ಆನ್ಸಿಬಲ್ (2012) ಅದೇ ಹಾದಿಯವು.

ಕಂಟೇನರ್ ಇನ್ನೊಂದು ಉಪಾಯ. ಕೋಲಾರದ ಎಪಿಎಂಸಿ ಟೊಮೆಟೊ ಮಂಡಿಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಣ್ಣು ಯಾವ ಊರಿನದಾದರೂ ಕ್ರೇಟ್ ಒಂದೇ ಅಳತೆಯದಾದ್ದರಿಂದ ಯಾವ ಲಾರಿಗಾದರೂ ಏರುತ್ತದೆ. ತಂತ್ರಾಂಶವನ್ನು ಅದಕ್ಕೆ ಬೇಕಾದ ಪರಿಕರಗಳ ಸಮೇತ ಹೀಗೆ ತುಂಬಿಟ್ಟರೆ ಯಾವ ಸರ್ವರ್‌ನಲ್ಲಾದರೂ ಓಡುತ್ತದೆ. ಇದಕ್ಕೂ ಮೊದಲಿನ ವರ್ಚುವಲ್ ಯಂತ್ರಗಳು ಪ್ರತಿ ಕ್ರೇಟಿಗೂ ಒಂದು ಲಾರಿ ಕಳುಹಿಸಿದಂತೆ: ಪ್ರತಿಯೊಂದಕ್ಕೂ ಇಡೀ ಕಾರ್ಯನಿರ್ವಹಣಾ ವ್ಯವಸ್ಥೆಯೇ ಬೇಕು.

ಕಲ್ಪನೆ ಹಳೆಯದೇ. ಯುನಿಕ್ಸ್‌ನ 'ಸಿಎಚ್‌ರೂಟ್' 1979ರದು, ಫ್ರೀಬಿಎಸ್‌ಡಿಯ 'ಜೈಲ್' 2000ದ್ದು. ಒಂದು ತಂತ್ರಾಂಶ ಎಷ್ಟು ಮೆಮೊರಿ ಬಳಸಬಹುದೆಂದು ಮಿತಿ ಹಾಕುವ 'ಸಿಗ್ರೂಪ್' 2008ರಲ್ಲಿ ಲಿನಕ್ಸ್ ಸೇರಿತು. ಅದನ್ನು ರೂಪಿಸಿದವರು ಗೂಗಲ್ ಎಂಜಿನಿಯರ್‌ಗಳು. 2013ರಲ್ಲಿ ಬಂದ ಡಾಕರ್ ಇವನ್ನೆಲ್ಲ ಸಾಮಾನ್ಯ ಪ್ರೋಗ್ರಾಮರ್‌ನ ಕೈಗೆಟುಕಿಸಿತು. ಮರುವರ್ಷ ಗೂಗಲ್ ಹೊರತಂದ ಕುಬರ್ನೆಟಿಸ್, ನಿಂತುಹೋದ ಕಂಟೇನರ್ ಬದಲಿಗೆ ಇನ್ನೊಂದನ್ನು ತಾನೇ ಚಾಲೂ ಮಾಡುತ್ತದೆ.

ಅಂದ ಮಾತ್ರಕ್ಕೆ ಕಂಟೇನರ್ ಬಳಸಿದರೆ ಸರದಿ ಕರಗುತ್ತದೆ ಎಂದಲ್ಲ. 'ಭೂಮಿ' ದತ್ತಾಂಶ ಈಗ ತಾಲ್ಲೂಕುಗಳಲ್ಲಿಲ್ಲ, ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದಲ್ಲಿದೆ. ಕೇಂದ್ರೀಕೃತ ವ್ಯವಸ್ಥೆ ನಿಂತರೆ ನಾಲ್ಕೂ ತಾಲ್ಲೂಕುಗಳ ಜನ ಒಟ್ಟಿಗೇ ಕಾಯಬೇಕು. ನೂರು ಕಂಟೇನರ್‌ಗಳಿದ್ದರೂ ಅವು ನೆಚ್ಚಿಕೊಂಡ ದತ್ತಸಂಚಯ ಒಂದೇ ಆಗಿದ್ದರೆ, ಅಥವಾ ನಡುವಿನ ಕೇಬಲ್ ತುಂಡಾದರೆ, ಕುಬರ್ನೆಟಿಸ್‌ಗೂ ದಾರಿಯಿಲ್ಲ. ಯಾವುದು ಕೈಕೊಟ್ಟಿತೆಂಬುದು ಕೌಂಟರಿನ ಸಿಬ್ಬಂದಿಗೂ ತಿಳಿಯುವುದು ಕಷ್ಟ. ರೈತನಿಗೆ ಹೇಳಲು ಅವರ ಬಳಿ ಇರುವುದು ಅದೇ ಎರಡು ಪದ.