ಹೆಸರು ಹೋದರೂ ನಂಬರ್ ಹೋಗಲಿಲ್ಲ

ಕೋರ್ಸ್ ಮುಗಿಸಿ ಹೋದ ಸೀನಿಯರ್ ಒಬ್ಬರ ಅಕೌಂಟನ್ನು ಲ್ಯಾಬ್‌ನ ಲಿನಕ್ಸ್ ಸರ್ವರ್‌ನಿಂದ ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ‘ಯೂಸರ್‌ಡೆಲ್’ ಎಂದು ಹೊಡೆದೆ. ಒಂದೇ ಸಾಲು, ಮುಗೀತು ಅಂದುಕೊಂಡೆ. ಮರುದಿನ ಜೂನಿಯರ್ ಒಬ್ಬನಿಗೆ ಹೊಸ ಅಕೌಂಟ್ ಮಾಡಿಕೊಟ್ಟೆ. ಸಂಜೆ ಅವನು ಬಂದು, ‘ಅಣ್ಣಾ, ಶೇರ್ಡ್ ಫೋಲ್ಡರ್‌ನಲ್ಲಿ ಯಾರದ್ದೋ ಪ್ರಾಜೆಕ್ಟ್ ರಿಪೋರ್ಟು, ರೆಸ್ಯೂಮೆ ಎಲ್ಲ ನನ್ನ ಹೆಸರಲ್ಲಿದೆ’ ಎಂದ. ಎದೆ ಧಸಕ್ಕೆಂದಿತು.

ಫೈಲ್‌ಗಳು ನೆನಪಿಡುವುದು ನಮ್ಮ ಹೆಸರನ್ನಲ್ಲ, ಯುಐಡಿ ಎಂಬ ನಂಬರನ್ನು. ನಮ್ಮ ಲ್ಯಾಬಿನ ಎನ್‌ಎಫ್‌ಎಸ್ ಕೂಡ ಆ ನಂಬರನ್ನೇ ನಂಬುತ್ತದೆ. ನಾನು ಅಳಿಸಿದ್ದು ಕಟ್ಟಕಡೆಯ ಅಕೌಂಟ್. ಹಾಗಾಗಿ ಅದೇ ನಂಬರ್ ಹೊಸಬನಿಗೆ ಸಿಕ್ಕಿತ್ತು. ಗ್ರೂಪ್‌ಗಳದ್ದೂ ಇದೇ ಕಥೆ. ಈಗ ಮೊದಲು ಅಕೌಂಟ್ ಲಾಕ್ ಮಾಡಿ, ಫೈಲ್‌ಗಳನ್ನು ಹುಡುಕಿ ಅವರಿಗೆ ತಲುಪಿಸಿ, ಆಮೇಲಷ್ಟೇ ಅಳಿಸುತ್ತೇನೆ.

ಸೀನಿಯರ್‌ಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ನಕ್ಕರು. ರೆಸ್ಯೂಮೆಯನ್ನು ಮಾತ್ರ ಆ ರಾತ್ರಿಯೇ ಕಳಿಸು ಎಂದರು.