ಎಡಗಡೆ ಇಲ್ಲದ ಲೋಕ

ಊರಿಂದ ಫೋನ್ ಬಂದು, "ಅಪ್ಪನಿಗೆ ಲಕ್ವ ಹೊಡೆದಿದೆ" ಎಂದು ಕೇಳಿದೊಡನೆ ವಿಮಾನ ಹತ್ತಿದವರು ನಮ್ಮ ನಡುವೆ ಕೆಲವರಾದರೂ ಇದ್ದಾರೆ. ಕೈಕಾಲು ಸ್ವಾಧೀನ ತಪ್ಪುವುದು, ಮಾತು ತೊದಲುವುದು ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ ಇನ್ನೊಂದು ತೊಂದರೆಯ ಬಗ್ಗೆ ಈ ಬಾರಿ ಬರೆಯುತ್ತಿದ್ದೇನೆ.

ಮೆದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರು ತಟ್ಟೆಯ ಬಲಗಡೆಯ ಅನ್ನ ಖಾಲಿ ಮಾಡಿ, ಎಡಗಡೆಯ ಪಲ್ಯ ಮುಟ್ಟದೆ ಎದ್ದುಬಿಡುತ್ತಾರೆ. ಗಡ್ಡ ಹೆರೆದುಕೊಂಡರೆ ಬಲಗೆನ್ನೆ ಮಾತ್ರ. ಮನೆಯವರು ಕನ್ನಡಕ ಬದಲಾಯಿಸುತ್ತಾರೆ, ಇಲ್ಲವೇ ಹಠ ಅನ್ನುತ್ತಾರೆ. ಆದರೆ ಕಣ್ಣು ಸರಿಯಾಗಿಯೇ ಇರಬಹುದು. ಕೆಟ್ಟಿರುವುದು ಗಮನ.

ಇದಕ್ಕೆ ಅತಿ ಸೊಗಸಾದ ಪುರಾವೆ ಸಿಕ್ಕಿದ್ದು ಇಟಲಿಯ ಮಿಲಾನಿನಲ್ಲಿ. 1978ರಲ್ಲಿ ಬಿಸಿಯಾಕ್ ಮತ್ತು ಲುಝಾಟಿ ಎಂಬ ಇಬ್ಬರು ವಿಜ್ಞಾನಿಗಳು ತಮ್ಮ ಇಬ್ಬರು ರೋಗಿಗಳಿಗೆ, ಊರಿನ ದೊಡ್ಡ ಚರ್ಚಿನ ಎದುರಿನ ಚೌಕವನ್ನು ಮನಸ್ಸಿನಲ್ಲೇ ನೆನೆಸಿಕೊಂಡು ವರ್ಣಿಸಲು ಹೇಳಿದರು. ಚರ್ಚಿಗೆ ಮುಖ ಮಾಡಿ ನಿಂತಂತೆ ಊಹಿಸಿದಾಗ ಹೆಚ್ಚಾಗಿ ಬಲಗಡೆಯ ಕಟ್ಟಡಗಳ ಹೆಸರೇ ಬಂದವು. ಈಗ ಚರ್ಚಿಗೆ ಬೆನ್ನು ಮಾಡಿ ನಿಲ್ಲಿ ಎಂದರು. ಮೊದಲು ಬಿಟ್ಟಿದ್ದವೆಲ್ಲ ಹೊರಬಂದವು, ಮೊದಲು ಹೇಳಿದ್ದವು ಮಾಯ! ಅಂದರೆ ನೆನಪು ಅಳಿಸಿರಲಿಲ್ಲ. ಮನಸ್ಸಿನ ಕಣ್ಣಿಗೂ ಎಡಗಡೆ ಇರಲಿಲ್ಲ, ಅಷ್ಟೆ.

ಹತ್ತು ವರ್ಷದ ನಂತರ, 1988ರಲ್ಲಿ, ಮಾರ್ಷಲ್ ಮತ್ತು ಹ್ಯಾಲಿಗನ್ ಇಂಥದೇ ರೋಗಿಯೊಬ್ಬರಿಗೆ ಎರಡು ಮನೆಗಳ ಚಿತ್ರ ತೋರಿಸಿದರು. ಒಂದು ಮನೆಯ ಎಡಗಡೆ ಬೆಂಕಿ ಉರಿಯುತ್ತಿತ್ತು. ಆಕೆ "ಎರಡೂ ಒಂದೇ" ಎಂದರು. ಯಾವ ಮನೆಯಲ್ಲಿ ಇರುತ್ತೀರಿ ಎಂದರೆ, ಇದೆಂಥ ದಡ್ಡ ಪ್ರಶ್ನೆ ಎಂದುಕೊಂಡೇ ಹೆಚ್ಚು ಸಲ ಬೆಂಕಿಯಿಲ್ಲದ್ದನ್ನೇ ಆರಿಸಿದರು. ನೋಡಿದ್ದು ಮೆದುಳನ್ನು ತಲುಪಿತ್ತು, ಅರಿವಿಗೆ ಬರಲಿಲ್ಲ.

ಇನ್ನು ಕೆಲವರಿಗೆ ಎಡಗಡೆ ಒಂದು ಬೆರಳು ಆಡಿಸಿದರೆ ಕಾಣುತ್ತದೆ. ಅದೇ ಹೊತ್ತಿಗೆ ಬಲಗಡೆಯೂ ಒಂದು ಬೆರಳು ಆಡಿಸಿದರೆ ಎಡಗಡೆಯದು ಕಾಣುವುದಿಲ್ಲ. ನಮ್ಮೆಲ್ಲರ ತಲೆಯಲ್ಲೂ ನೋಟಗಳ ನಡುವೆ ಇಂಥ ಪೈಪೋಟಿ ಸದಾ ನಡೆದಿರುತ್ತದೆ. ಪೆಟ್ಟು ಬಿದ್ದಾಗ ತಕ್ಕಡಿ ಒಂದೇ ಕಡೆ ವಾಲುತ್ತದೆ. ಬಲ ಮೆದುಳು ಎರಡೂ ಬದಿಯನ್ನು ಕಾಯುತ್ತದೆ, ಎಡ ಮೆದುಳು ಮುಖ್ಯವಾಗಿ ಬಲಬದಿಯನ್ನು ಮಾತ್ರ. ಹಾಗಾಗಿ ಬಲಕ್ಕೆ ಪೆಟ್ಟಾದರೆ ಎಡಕ್ಕೆ ದಿಕ್ಕಿಲ್ಲ ಎಂಬುದು ಹೆಚ್ಚಾಗಿ ಕೊಡುವ ವಿವರಣೆ.

ಚಿಕಿತ್ಸೆ? ದೃಶ್ಯವನ್ನು ಬಲಕ್ಕೆ ಸರಿಸುವ ಪ್ರಿಸಂ ಕನ್ನಡಕ ಹಾಕಿಸಿ ಸ್ವಲ್ಪ ಹೊತ್ತು ಗುರಿ ಮುಟ್ಟಿಸಿದರೆ, ತೆಗೆದ ಮೇಲೆ ಗಮನ ಎಡಕ್ಕೆ ಹೊರಳುತ್ತದೆ ಎಂದು 1998ರಲ್ಲಿ ಫ್ರಾನ್ಸಿನ ರೊಸೆಟ್ಟಿ ಮತ್ತು ಸಂಗಡಿಗರು ತೋರಿಸಿದರು. ಮುಂದಿನ ಪರೀಕ್ಷೆಗಳಲ್ಲಿ ಫಲ ಒಂದೇ ತೆರನಾಗಿ ಬರಲಿಲ್ಲ. ಅನೇಕರಿಗೆ ಮೊದಲ ಕೆಲವು ತಿಂಗಳಲ್ಲಿ ತಾನಾಗಿಯೇ ಸಾಕಷ್ಟು ಸುಧಾರಿಸುತ್ತದೆ. ಅಲ್ಲಿಯವರೆಗೆ ತಟ್ಟೆ ತಿರುಗಿಸಿಡಿ, ಓದುವ ಪುಟದ ಎಡ ಅಂಚಿಗೆ ಕೆಂಪು ಗೆರೆ ಎಳೆದುಕೊಡಿ, ಡಾಕ್ಟರು ಒಪ್ಪುವವರೆಗೆ ಕಾರಿನ ಕೀ ಕೊಡಬೇಡಿ. ಎಡಗಡೆ ಕಾಣುತ್ತಿಲ್ಲ ಎಂದು ಅಪ್ಪ ತಾವಾಗಿ ಹೇಳಲಾರರು, ಅವರಿಗೆ ಅದು ಗೊತ್ತೇ ಇರುವುದಿಲ್ಲ. ಡಾಕ್ಟರನ್ನು ನೀವೇ ಕೇಳಬೇಕು.