ಸ್ಪರ್ಧಾಯಂತ್ರದ ಚೌಕಟ್ಟು ಮತ್ತು ಬಂಪರು: ನಿಯಮವು ಆಕಾರವನ್ನು ನಿರ್ಣಯಿಸುವ ಬಗೆ

ಕೊಪ್ಪ ತಾಲ್ಲೂಕಿನ ಜಯಪುರದಿಂದ ಶೃಂಗೇರಿ, ಕೆರೆಕಟ್ಟೆಗಳ ಮಾರ್ಗವಾಗಿ ಮಾಳದ ಘಟ್ಟವನ್ನಿಳಿದರೆ ಕಾರ್ಕಳ ಸೀಮೆಯ ಕಂಬಳದ ಗದ್ದೆಗಳು ದೊರೆಯುತ್ತವೆ. ಅಲ್ಲಿ ಕೋಣಗಳ ಹಿಂದೆ ಕಟ್ಟುವ ಸಾಧನವು ಒಂದೇ ಬಗೆಯದಲ್ಲ. ಹಗ್ಗದ ವಿಭಾಗದಲ್ಲಿ ನೊಗಕ್ಕೆ ಹಗ್ಗವಷ್ಟೇ. ನೇಗಿಲಿನ ವಿಭಾಗದಲ್ಲಿ ಓಟಕ್ಕೆಂದೇ ಹಗುರವಾಗಿ ಮಾಡಿದ ಮರದ ನೇಗಿಲು. ಅಡ್ಡಹಲಗೆಯಲ್ಲಿ ಓಡಿಸುವವನು ನಿಲ್ಲತಕ್ಕ ಹಲಗೆ. ಕನೆಹಲಗೆಯಲ್ಲಿ ನೀರು ಚಿಮ್ಮುವುದಕ್ಕೆ ರಂಧ್ರಗಳುಳ್ಳ ಹಲಗೆ. ಈ ಕಡೆಯದರಲ್ಲಿ ಎಣಿಕೆಗೆ ಬರುವುದು ವೇಗವಲ್ಲ, ಮೇಲೆ ಕಟ್ಟಿದ ನಿಶಾನೆಯನ್ನು ಮುಟ್ಟುವ ನೀರಿನ ಎತ್ತರ. ನಿಯಮವು ಬೇರೆಯಾದೊಡನೆ ಮರದ ಆಕಾರವೂ ಬೇರೆಯಾಗುತ್ತದೆ.

ಇದೇ ಸಂಬಂಧವನ್ನು ಇಂದಿನ ವಿದ್ಯಾರ್ಥಿಗಳು ಕಟ್ಟುವ ಸ್ಪರ್ಧಾ ರೋಬೋಗಳಲ್ಲಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಇದು ಯಂತ್ರಶಾಸ್ತ್ರಜ್ಞರ ಕ್ಷೇತ್ರವಲ್ಲವೇ ಎಂದು ವಾಚಕರು ಕೇಳಬಹುದು. ಶಾಸನವೊಂದರಲ್ಲಿ ನಿಷೇಧವಾಕ್ಯವು ಕಂಡುಬಂದರೆ, ಆ ಕೃತ್ಯದ ಭಯವಾದರೂ ಆ ಕಾಲದಲ್ಲಿ ಇದ್ದಿತೆಂದು ಇತಿಹಾಸದ ಅಭ್ಯಾಸಿಗಳಾದ ನಾವು ಊಹಿಸುತ್ತೇವೆ. ಸ್ಪರ್ಧೆಯ ನಿಯಮಗ್ರಂಥವನ್ನೂ ಹಾಗೆಯೇ ಓದಬಹುದು.

ಅಮೆರಿಕದ ಡೀನ್ ಕೇಮನ್ ಅವರು 1989ರಲ್ಲಿ ಸ್ಥಾಪಿಸಿದ ‘ಫಸ್ಟ್’ ಸಂಸ್ಥೆಯು, ಪ್ರೌಢಶಾಲಾ ವಿದ್ಯಾರ್ಥಿಗಳ ರೋಬೋ ಸ್ಪರ್ಧೆಯನ್ನು 1992ರಲ್ಲಿ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ಮ್ಯಾಂಚೆಸ್ಟರಿನಲ್ಲಿ 28 ತಂಡಗಳೊಡನೆ ಆರಂಭಿಸಿತು. ಒಂದೇ ಅಂಗಣದಲ್ಲಿ ಎರಡು ಪಕ್ಷಗಳ ಭಾರಿ ಯಂತ್ರಗಳು ಓಡಾಡುವಾಗ ಡಿಕ್ಕಿಯು ಅನಿವಾರ್ಯ. ಮೊದಲು ಐಚ್ಛಿಕವಾಗಿದ್ದ ಬಂಪರು 2008ರಲ್ಲಿ ಎಲ್ಲ ಯಂತ್ರಗಳಿಗೂ ಕಡ್ಡಾಯವಾಯಿತು. 2015ರ ಆಟದಲ್ಲಾದರೋ ಎರಡು ಪಕ್ಷಗಳ ಅಂಗಣಗಳನ್ನು ಬೇರ್ಪಡಿಸಿದ್ದರಿಂದ ಬಂಪರು ಬೇಕಾಗಲಿಲ್ಲ. ಡಿಕ್ಕಿಯಿದ್ದಲ್ಲಿ ಬಂಪರು, ಡಿಕ್ಕಿಯಿಲ್ಲದಲ್ಲಿ ಅದೂ ಇಲ್ಲ. ನಿಯಮಕ್ಕೆ ಕಾರಣವಿದ್ದಿತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವು ಬೇಕಿಲ್ಲ.

ನಿಯಮಗಳು ವರ್ಷವರ್ಷಕ್ಕೆ ತಿದ್ದುಪಡಿಯಾಗುತ್ತವೆ. ಉದಾಹರಣೆಗೆ 2024ರವನ್ನು ತೆಗೆದುಕೊಳ್ಳೋಣ. ಆ ವರ್ಷ ಚೌಕಟ್ಟಿನ ಸುತ್ತಳತೆ 120 ಅಂಗುಲವನ್ನು ಮೀರಕೂಡದಾಗಿತ್ತು. ಬಂಪರು ಮತ್ತು ಬ್ಯಾಟರಿಗಳನ್ನು ಬಿಟ್ಟು ತೂಕವು 125 ಪೌಂಡಿನೊಳಗಿರಬೇಕಾಗಿತ್ತು. ಸುತ್ತಳತೆಯನ್ನು ಕಾಣುವ ಕ್ರಮ ಸರಳವಾದುದು: ಚೌಕಟ್ಟಿನ ಸುತ್ತ ಒಂದು ಹುರಿಯನ್ನು ಬಿಗಿಯಾಗಿ ಸುತ್ತಿದಂತೆ ಭಾವಿಸಿ ಅದರ ಉದ್ದವನ್ನು ಅಳೆಯುವುದು. ಒಳಕ್ಕೆ ಬಾಗಿದ ಮೂಲೆಯನ್ನು ಹುರಿಯು ಮುಟ್ಟದೆ ನೇರವಾಗಿ ಹಾಯುವುದರಿಂದ, ಚೌಕಟ್ಟನ್ನು ಒಳಕ್ಕೆ ಕೊರೆದು ಅಳತೆಯನ್ನು ಉಳಿಸಿದೆವೆಂಬುದು ಭ್ರಮೆ. ಬೋಲ್ಟಿನ ತಲೆಯಂಥ ಕಾಲಂಗುಲದೊಳಗಣ ಅಲ್ಪ ಚಾಚಿಕೆಗಳಿಗೆ ಮಾತ್ರ ವಿನಾಯಿತಿಯಿತ್ತು.

ಈ 120 ಅಂಗುಲಗಳನ್ನು ಹಂಚುವ ಬಗೆಯಲ್ಲಿಯೇ ರಚನೆಯ ವಿವೇಕವು ಅಡಗಿದೆ. 30 ಅಂಗುಲದ ಚೌಕಕ್ಕೆ 900 ಚದರಂಗುಲ ಕ್ಷೇತ್ರವು ದೊರೆಯುತ್ತದೆ. 24ಕ್ಕೆ 36ರ ಆಯತಕ್ಕೆ 864 ಮಾತ್ರ. ಆಯತವು ಇಕ್ಕಟ್ಟಿನಲ್ಲಿ ನುಸುಳಬಲ್ಲುದು, ಆದರೆ ಪಕ್ಕದ ಪೆಟ್ಟಿಗೆ ಉರುಳುವ ಸಂಭವವು ಹೆಚ್ಚು. ಹೊರಗಡೆ ಬಂಪರು ಬೇರೆ ಸೇರಬೇಕಾಗಿತ್ತು: ಮುಕ್ಕಾಲು ಅಂಗುಲದ ಪ್ಲೈವುಡ್ಡು, ಅದರ ಮುಂದೆ ಒಂದರ ಮೇಲೊಂದಾಗಿ ಇಟ್ಟ ಸುಮಾರು ಎರಡೂವರೆ ಅಂಗುಲ ದಪ್ಪದ ಎರಡು ಮೆತ್ತನೆಯ ಫೋಮ್ ಉರುಳೆಗಳು, ಮೇಲೆ ಪಕ್ಷಕ್ಕನುಗುಣವಾಗಿ ಕೆಂಪು ಅಥವಾ ನೀಲಿಯ ಗಟ್ಟಿಬಟ್ಟೆ. ಪ್ರತಿಪಾರ್ಶ್ವಕ್ಕೂ ಮೂರೂಕಾಲು ಅಂಗುಲ ಸೇರಲು, 30 ಅಂಗುಲದ ಯಂತ್ರವು ಅಂಗಣದಲ್ಲಿ 36½ ಅಂಗುಲವಾಗುತ್ತಿತ್ತು.

ಬಂಪರುಗಳೆಲ್ಲ ನೆಲದಿಂದ 7½ ಅಂಗುಲದೊಳಗೆ ಇರಬೇಕಾಗಿತ್ತು. ಎತ್ತರವು ಸಮನಾಗದಿದ್ದರೆ ಒಂದರ ಮರವು ಇನ್ನೊಂದರ ಒಡಲನ್ನೇ ಹೊಗುವುದಲ್ಲವೇ? ಪ್ರತಿ ಹೊರಮೂಲೆಯ ಎರಡು ಪಕ್ಕಗಳಲ್ಲಿಯೂ ಕನಿಷ್ಠ 6 ಅಂಗುಲದಷ್ಟು ರಕ್ಷಣೆಯು ವಿಧಿತವಾಗಿತ್ತು. ಆದುದರಿಂದ ಆಟದ ವಸ್ತುವನ್ನು ಒಳಕ್ಕೆಳೆಯಲು ಮುಂಭಾಗವನ್ನು ತೆರೆದಿಡಬೇಕೆಂದರೆ, 30 ಅಂಗುಲದ ಪಾರ್ಶ್ವದಲ್ಲಿ ಉಳಿಯುವ ಬಾಗಿಲು 18 ಅಂಗುಲ ಮಾತ್ರ. ಆ ವಸ್ತುವು ಎಷ್ಟು ಅಗಲವೆಂದು ನೋಡಿದ ಮೇಲೆಯೇ ಚೌಕಟ್ಟಿನ ಅಗಲವನ್ನು ನಿಶ್ಚಯಿಸತಕ್ಕದ್ದು. ಬಂಪರಿನ ಬೆನ್ನಿಗೆ ಚೌಕಟ್ಟಿನ ಆಸರೆ ಇರಲೇಬೇಕು. ಆಸರೆ ತಪ್ಪಿದ ಪ್ಲೈವುಡ್ಡು ಮೊದಲ ಪೆಟ್ಟಿಗೇ ಮುರಿಯುತ್ತದೆ. ಬಂಪರನ್ನು ಬಿಗಿಯಾಗಿ ಕಟ್ಟಿದ್ದರೂ ಪರೀಕ್ಷಕರೆದುರು ಸುಲಭವಾಗಿ ಕಳಚುವಂತಿರಬೇಕು.

ಇವುಗಳಿಂದ ಹೊರಡುವ ತೀರ್ಮಾನವಿಷ್ಟು: ಯಂತ್ರವನ್ನು ಕಟ್ಟಿ ಆಮೇಲೆ ಬಂಪರನ್ನು ತೊಡಿಸುವುದು ಸಲ್ಲದು, ಬಂಪರಿನಿಂದ ಆರಂಭಿಸಿ ಒಳಮುಖವಾಗಿ ಚೌಕಟ್ಟನ್ನೂ, ಅದರೊಳಗೆ ಚಕ್ರ-ಮೋಟಾರುಗಳನ್ನೂ ಯೋಜಿಸತಕ್ಕದ್ದು. ಈ ಕ್ರಮವನ್ನು ತಿರುಗುಮುರುಗು ಮಾಡಿದವರು ಪರೀಕ್ಷೆಯ ದಿನ ಗರಗಸವನ್ನು ಹುಡುಕಬೇಕಾಗುತ್ತದೆ.

ಆದರೆ ಬಂಪರು ಕಾಯುವುದು ತನ್ನ ಯಂತ್ರವನ್ನಷ್ಟೇ ಅಲ್ಲ, ಎದುರಾಳಿಯದನ್ನೂ. ಇಲ್ಲಿ ಮತ್ತೆ ಕಂಬಳವು ನೆನಪಾಗುತ್ತದೆ. ಸರ್ವೋಚ್ಚ ನ್ಯಾಯಾಲಯದ 2014ರ ತೀರ್ಪಿನ ಹಿನ್ನೆಲೆಯಲ್ಲಿ ನಿಂತಿದ್ದ ಕಂಬಳವು, ಕರ್ನಾಟಕದ 2017ರ ತಿದ್ದುಪಡಿಯಿಂದ ಮರಳಿತು. 2023ರ ಮೇ ತಿಂಗಳಿನಲ್ಲಿ ಸಂವಿಧಾನಪೀಠವು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಪ್ರಶ್ನೆಯು ಗೆಲುವಿನದಾಗಿರಲಿಲ್ಲ, ಮಾತು ಬಾರದ ಕೋಣದ ನೋವಿನದಾಗಿತ್ತು. ಸ್ಪರ್ಧೆಯು ಬಾಳಬೇಕಾದರೆ ಅದರಲ್ಲಿ ಪಾಲ್ಗೊಂಡವರೆಲ್ಲರೂ ಮರುವರ್ಷ ಬರುವಂತಿರಬೇಕು. ನಿಯಮಗ್ರಂಥವನ್ನು ಅಡ್ಡಿಯೆಂದು ಓದುವ ವಿದ್ಯಾರ್ಥಿಗೆ ಅಧ್ಯಾಪಕರು ಮೊದಲು ತಿಳಿಯಪಡಿಸಬೇಕಾದುದು ಇದನ್ನು.